ಸೇಫ್ಟಿ ಆಡಿದ ಮೇಲೂ ಎದುರಾಳಿಗೆ ಚೆಂಡು ಕಾಣಿಸುತ್ತದೆ: 8-ಬಾಲ್‌ನ ಈ ಸ್ಥಿತಿಯಲ್ಲಿ ಏನು ಆಡಬೇಕು?

ಫುಟ್‌ಸ್ಪಾಟ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 9 ಅಡಿ ಪೂಲ್ ಟೇಬಲ್, 8-ಬಾಲ್ ಆಟ, ಡಬ್ಲ್ಯುಪಿಎ (ವಿಶ್ವ ಪೂಲ್ ಸಂಸ್ಥೆ) ನಿಯಮ. ಫೌಲ್ ಆದರೆ ಟೇಬಲ್ಲಿನಲ್ಲಿ ಎಲ್ಲಿ ಬೇಕಾದರೂ ಬಾಲ್ ಇನ್ ಹ್ಯಾಂಡ್, ಅಂದರೆ ಎದುರಾಳಿ ಬಿಳಿ ಚೆಂಡನ್ನು ಕೈಯಿಂದ ಇಟ್ಟು ಆಡಬಹುದು.

ನನ್ನದು ಸಾಲಿಡ್ಸ್ (1ರಿಂದ 7), ಎದುರಾಳಿಯದು ಸ್ಟ್ರೈಪ್ಸ್ (9ರಿಂದ 15). 2, 5, 7 ಉಳಿದಿವೆ. ಎದುರಾಳಿಗೆ 11 ಒಂದೇ ಬಾಕಿ, ಆಮೇಲೆ 8. ಫುಟ್ ರೈಲಿನ (ಚೆಂಡು ಜೋಡಿಸುವ ಕಡೆಯ ಗಿಡ್ಡ ಅಂಚಿನ) ಹಿಂದೆ ನಿಂತು ಹೆಡ್ (ಆಟ ಶುರು ಮಾಡುವ) ಕಡೆ ನೋಡಿದರೆ ಚಿತ್ರ ಹೀಗಿದೆ. 5 ಸರಿಯಾಗಿ ಫುಟ್ ಸ್ಪಾಟ್ (ಚೆಂಡು ಜೋಡಿಸುವ ಗುರುತು) ಮೇಲೆ. 2 ಅದರ ಮುಂದೆ, ಟೇಬಲ್ಲಿನ ನಡುಗೆರೆಯ ಮೇಲೇ, ಕೇಂದ್ರದಿಂದ ಕೇಂದ್ರಕ್ಕೆ 15 ಸೆಂ.ಮೀ. 11 ಅದೇ ನಡುಗೆರೆಯ ಆಚೆ ತುದಿಯಲ್ಲಿ, ಹೆಡ್ ರೈಲಿಗೆ ಒಂದು ಗೇಣು ದೂರ. 7 ಮತ್ತು 8 ಒಂದಕ್ಕೊಂದು ಅಂಟಿಕೊಂಡು ಎಡಗಡೆಯ ಉದ್ದ ರೈಲಿಗೆ ಒರಗಿವೆ: ಸೈಡ್ ಪಾಕೆಟ್ ದಾಟಿದ ಮೇಲೆ ಸಿಗುವ ಮೊದಲ ಡೈಮಂಡಿನ (ರೈಲಿನ ಮೇಲಿನ ಗುರುತಿನ) ಹತ್ತಿರ, 7 ಈಚೆ, 8 ಆಚೆ. ಬಿಳಿ 5ರ ಬಲಕ್ಕೆ, ಅದೇ ನೇರದಲ್ಲಿ, ಸುಮಾರು ಒಂದೂವರೆ ಅಡಿ ದೂರ.

5 ಎಡ ಫುಟ್ ಕಾರ್ನರ್‌ಗೆ 45 ಡಿಗ್ರಿ ಕಟ್ (ಓರೆ ಹೊಡೆತ), ಬೀಳಿಸಬಹುದು. ಆದರೆ 5, 2 ಎರಡೂ ಹಾಕಿದ ಮೇಲೆ 7ಕ್ಕೆ ದಾರಿ ಇಲ್ಲ. ಅದಕ್ಕೆ ಸೇಫ್ಟಿ, ಅಂದರೆ ಎದುರಾಳಿಗೆ ಆಡಲು ಕಷ್ಟವಾಗುವ ಹಾಗೆ ಬಿಟ್ಟುಕೊಡುವ ಹೊಡೆತ: 5ನ್ನು ಎಡಕ್ಕೆ ತಳ್ಳಿ ಬಿಳಿಯನ್ನು 2ರ ಹಿಂದೆ ಬಚ್ಚಿಡುವುದು. ಇದೇ ಶಾಟ್ ಮೂರು ರೀತಿ ಕೆಡುತ್ತದೆ. ಮೆಲ್ಲಗೆ ಹೊಡೆದರೆ 5 ರೈಲಿಗೆ ಮುಟ್ಟದೆ ಫೌಲ್. ಚೊಕ್ಕ ಸ್ಟಾಪ್ ಶಾಟ್ (ತಾಗಿದಲ್ಲೇ ಬಿಳಿ ನಿಲ್ಲುವ ಹೊಡೆತ) ಆದರೆ 11ರ ಅಂಚು ಕಾಣಿಸುತ್ತದೆ. ಬಿಳಿಯ ನಡುವಿಗೆ ಹೊಡೆದು ಬಿಟ್ಟರೆ ಬಿಳಿ ಮುಂದಕ್ಕೆ ಉರುಳಿ ಇನ್ನೊಂದು ಬದಿಯಿಂದ 11 ಪೂರ್ತಿ ತೆರೆದುಕೊಳ್ಳುತ್ತದೆ.

ಸೇಫ್ಟಿ ಆಯ್ಕೆಯೇ ತಪ್ಪಾ, ಹೊಡೆತ ತಪ್ಪಾ? ಬಿಳಿ ಎಷ್ಟು ಸೆಂಟಿಮೀಟರ್ ಒಳಗೆ ನಿಲ್ಲಬೇಕು ಅನ್ನುವುದಕ್ಕೆ ಲೆಕ್ಕ ಇದ್ದರೆ ದಯವಿಟ್ಟು ಹೇಳಿ.

---

ನೀಲಿಚಾಕ್

ಆಯ್ಕೆ ಸರಿ ಇದೆ. 5 ಹಾಕಬೇಡಿ. 8-ಬಾಲ್‌ನಲ್ಲಿ ನಿಮ್ಮ ಚೆಂಡುಗಳೇ ನಿಮ್ಮ ಗೋಡೆ. ಎದುರಾಳಿಯ ಚೆಂಡಿನ ಹಿಂದೆ ಬಚ್ಚಿಟ್ಟು ಪ್ರಯೋಜನವಿಲ್ಲ, ಅದನ್ನೇ ಅವನು ನೇರವಾಗಿ ಹೊಡೆಯಬಹುದು. 5 ಮತ್ತು 2 ಪಾಕೆಟ್‌ಗೆ ಹೋದ ಮೇಲೆ ಮರೆ ಮಾಡಲು ಉಳಿಯುವುದು ರೈಲಿಗೆ ಅಂಟಿದ ಆ 7-8 ಜೋಡಿ ಮಾತ್ರ, ಅದರ ಹಿಂದೆ ಬಿಳಿ ನಿಲ್ಲಿಸಲು ಜಾಗವೇ ಇಲ್ಲ. ಬಹಳ ಜನ ಎಡವುವುದು ಇಲ್ಲೇ. ಕ್ಲಸ್ಟರ್ (ಅಂಟಿಕೊಂಡ ಚೆಂಡುಗಳ ಗುಂಪು) ಬಿಡಿಸುವ ದಾರಿ ಕಾಣದಿದ್ದರೂ ಸುಲಭದ ಚೆಂಡುಗಳನ್ನೆಲ್ಲ ಹಾಕಿಬಿಟ್ಟು, ಕೈ ಬರಿದಾದ ಮೇಲೆ ಸೇಫ್ಟಿ ಹುಡುಕುತ್ತಾರೆ. ಸೇಫ್ಟಿ ಆಡುವುದಾದರೆ ಗೋಡೆ ಇರುವಾಗಲೇ ಆಡಬೇಕು.

ಈಗ ಸೆಂಟಿಮೀಟರ್ ಲೆಕ್ಕ. ಪೂಲ್ ಚೆಂಡಿನ ವ್ಯಾಸ 57.15 ಮಿ.ಮೀ. ಮರೆಯಾಗಿ ನಿಂತ ಚೆಂಡು ಬಿಳಿಗೆ ಹತ್ತಿರ ಇದ್ದಷ್ಟೂ ಅದರ ನೆರಳು ಅಗಲ. ಮಧ್ಯೆ ಒಂದು ಚೆಂಡು ಹಿಡಿಸುವಷ್ಟು ಸಂದಿ ಇದ್ದರೆ, ಅಂದರೆ ಕೇಂದ್ರದಿಂದ ಕೇಂದ್ರಕ್ಕೆ 11.4 ಸೆಂ.ಮೀ. ಇದ್ದರೆ, ಎರಡೂ ಬದಿಗೆ 30 ಡಿಗ್ರಿ ಮುಚ್ಚುತ್ತದೆ. ಅದು 23 ಸೆಂ.ಮೀ. ಆದರೆ 14.5 ಡಿಗ್ರಿಗೆ ಇಳಿಯುತ್ತದೆ. 57 ಸೆಂ.ಮೀ. ಆದರೆ 6 ಡಿಗ್ರಿಯೂ ಇಲ್ಲ. ಮರೆಚೆಂಡು ಗುರಿಚೆಂಡಿನ ಪಕ್ಕದಲ್ಲಿದೆ, ಬಿಳಿ ಎರಡಡಿ ಹಿಂದಿದೆ ಅಂದರೆ ಅದು ಸೇಫ್ಟಿಯಲ್ಲ, ಅದೃಷ್ಟ ಪರೀಕ್ಷೆ. ಮರೆ ಬಿಳಿಯ ಮೂಗಿನ ಹತ್ತಿರ ಇರಬೇಕು, ಗುರಿಯ ಹತ್ತಿರ ಅಲ್ಲ.

ನಿಮ್ಮ ಸ್ಥಿತಿಯಲ್ಲಿ ಬಿಳಿ ಸರಿಯಾಗಿ ಫುಟ್ ಸ್ಪಾಟ್ ಮೇಲೆ, 5 ಇದ್ದ ಜಾಗದಲ್ಲೇ ನಿಂತಿತು ಅಂದುಕೊಳ್ಳಿ. 2ಕ್ಕೆ 15 ಸೆಂ.ಮೀ., ನೆರಳು ಎರಡೂ ಬದಿಗೆ 22 ಡಿಗ್ರಿ. 11 ಸುಮಾರು 170 ಸೆಂ.ಮೀ. ದೂರ. ಅಲ್ಲಿ ಈ ನೆರಳು ಎಡ ರೈಲಿನಿಂದ ಬಲ ರೈಲಿನವರೆಗೂ ಹರಡಿರುತ್ತದೆ. 11 ಆ ಸಾಲಿನಲ್ಲಿ ಎಲ್ಲಿದ್ದರೂ ನೇರವಾಗಿ ಸಿಗುವುದಿಲ್ಲ.

ಆದರೆ ಚೊಕ್ಕ ಸ್ಟಾಪ್ ಶಾಟ್‌ನಲ್ಲಿ ಬಿಳಿ 5 ಇದ್ದ ಜಾಗಕ್ಕೆ ಹೋಗುವುದೇ ಇಲ್ಲ. ತಾಗಿದ ಜಾಗದಲ್ಲೇ ನಿಲ್ಲುತ್ತದೆ, ಅಂದರೆ ಸ್ಪಾಟ್‌ಗಿಂತ ಒಂದು ಚೆಂಡಿನಗಲ ಬಲಕ್ಕೆ. ಅಲ್ಲಿಂದ ನೋಡಿದರೆ ನೆರಳಿನ ಬಲ ಅಂಚು ಉದ್ದ ರೈಲಿಗೆ ಸಮಾನಾಂತರವಾಗಿ ಹೋಗಿ 11ರ ಬಲ ಅಂಚನ್ನು ಸವರಿಕೊಂಡು ಹೋಗುತ್ತದೆ. ನಿಮಗೆ ಅಂಚು ಕಾಣಿಸುತ್ತಿರುವುದು ಅದಕ್ಕೇ. ನೀವು ಸ್ಟಾಪ್ ಶಾಟ್ ತಪ್ಪಾಗಿ ಹೊಡೆದದ್ದಲ್ಲ, ಸರಿಯಾಗಿ ಹೊಡೆದದ್ದೇ ಇಲ್ಲಿ ಸಾಲದು. ಬಿಳಿ ಬರೀ 3 ಸೆಂ.ಮೀ. ಹಿಂದಕ್ಕೆ ಸರಿದರೆ 11 ಪೂರ್ತಿ ತೆರೆದುಕೊಳ್ಳುತ್ತದೆ.

ಇನ್ನೊಂದು ಕಡೆಯ ಮಿತಿ: ಬಿಳಿ ಪೂರ್ತಿ ಉರುಳುತ್ತಾ ಬಂದು ತುಂಬು ತಾಗಿದರೆ ವೇಗದ ಏಳರಲ್ಲಿ ಎರಡು ಪಾಲು ಬಿಳಿಯಲ್ಲಿ ಉಳಿಯುತ್ತದೆ, ಐದು ಪಾಲು ಗುರಿಚೆಂಡಿಗೆ. ದೂರದ ಲೆಕ್ಕದಲ್ಲಿ ಗುರಿಚೆಂಡು ಆರು ಅಡಿ ಓಡಿದರೆ ಬಿಳಿ ಹೆಚ್ಚುಕಡಿಮೆ ಒಂದಡಿ. ನಿಮ್ಮ 5 ರೈಲಿಗೆ ಬಡಿದು ಒಂದು ಗೇಣು ವಾಪಸ್ ಬರುವಷ್ಟು ಬಲ ಕೊಟ್ಟರೆ ಬಿಳಿ 15 ಸೆಂ.ಮೀ. ಆಸುಪಾಸು ಮುಂದೆ ಹೋಗುತ್ತದೆ. ನಡುವಿಗೆ ಹೊಡೆದಾಗ ಆಗುತ್ತಿರುವುದು ಅದು: 2ರ ನೆರಳನ್ನು ದಾಟಿ ಎಡಕ್ಕೆ ಬಂದುಬಿಡುತ್ತದೆ.

ಹಾಗಾಗಿ ನಿಮ್ಮ ಕಿಟಕಿ ಇದು: ತಾಗಿದ ಜಾಗದಿಂದ 0ಗಿಂತ ಹೆಚ್ಚು, 11 ಸೆಂ.ಮೀ.ಗಿಂತ ಕಡಿಮೆ. ಗುರಿ 6 ಸೆಂ.ಮೀ., ಒಂದು ಚೆಂಡಿನಗಲ. ಸ್ಟನ್‌ಗೂ (ಬಿಳಿ ಉರುಳದೆ ಜಾರುತ್ತಾ ತಾಗುವುದು) ಉರುಳುವಿಕೆಗೂ ನಡುವಿನ ಹೊಡೆತ ಬೇಕು. ಕ್ಯೂ ಮಟ್ಟವಾಗಿರಲಿ. ಬಿಳಿಯ ನಡುವಿಗಿಂತ ಸ್ವಲ್ಪವೇ ಕೆಳಗೆ, ನೀವು ಸ್ಟಾಪ್ ಶಾಟ್‌ಗೆ ಇಳಿಯುವಷ್ಟು ಕೆಳಗೆ ಅಲ್ಲ. ಒಂದೂವರೆ ಅಡಿ ಹೋಗುವಷ್ಟರಲ್ಲಿ ಹಿಂದಿನ ತಿರುಗು ಸವೆದು, ಮುಂದಿನ ಉರುಳು ಈಗಷ್ಟೇ ಶುರುವಾಗಿರುವಾಗ 5ಕ್ಕೆ ತಾಗಬೇಕು. ಬಟ್ಟೆ ನಿಧಾನ ಇದ್ದರೆ ಹಿಂದಿನ ತಿರುಗು ಬೇಗ ಸವೆಯುತ್ತದೆ, ಇನ್ನೊಂದು ಚೂರು ಕೆಳಗೆ ಇಳಿಯಿರಿ. ಮಳೆಗಾಲದಲ್ಲಿ ಎಸಿ ಇಲ್ಲದ ಹಾಲ್‌ಗಳಲ್ಲಿ ಬಟ್ಟೆಯ ಈ ವ್ಯತ್ಯಾಸ ಕೈಗೆ ಗೊತ್ತಾಗುವಷ್ಟಿರುತ್ತದೆ.

ಬಲ: 5 ಎಡ ರೈಲಿಗೆ 60 ಸೆಂ.ಮೀ. ಓಡಬೇಕು. ರೈಲಿಗೆ ಮುಟ್ಟಿ ಗೇಣಿನೊಳಗೆ ಸಾಯಲಿ. ನೇರ ಹೊಡೆದ ಚೆಂಡು ನೇರವಾಗಿಯೇ ವಾಪಸ್ ಬರುತ್ತದೆ. ಜೋರು ಮಾಡಿದರೆ ಬಿಳಿಗೆ ಬಂದು ಬಡಿದು ಇಷ್ಟೂ ಲೆಕ್ಕವನ್ನು ಕೆಡಿಸುತ್ತದೆ.

ಇಷ್ಟಾದ ಮೇಲೆ ಅವನಿಗೇನು ಉಳಿಯುತ್ತದೆ ನೋಡಿ. ಎಡ ಉದ್ದ ರೈಲಿನ ಮೂಲಕ ಒಂದು ರೈಲು ಕಿಕ್ (ಬಿಳಿ ಮೊದಲು ರೈಲಿಗೆ ಬಡಿದು ಆಮೇಲೆ ಗುರಿಗೆ ತಾಗುವುದು) ಮಾಡಬೇಕಾದರೆ ಬಿಳಿ ಸೈಡ್ ಪಾಕೆಟ್ ದಾಟಿ ಸುಮಾರು 21 ಸೆಂ.ಮೀ. ಆಚೆ ರೈಲಿಗೆ ತಾಗಬೇಕು. ಅಲ್ಲಿಂದ ಹೊರಳುವಾಗಲೇ ಅದು ನಿಮ್ಮ 7ಕ್ಕೆ ಸಿಕ್ಕಿಕೊಳ್ಳುತ್ತದೆ. ಇಷ್ಟು ಹೊತ್ತು ಶಾಪವಾಗಿದ್ದ ಕ್ಲಸ್ಟರ್ ಈಗ ನಿಮ್ಮ ಕಾವಲು. ಉಳಿಯುವುದು ಬಲ ರೈಲಿನ ಕಿಕ್, ಸೈಡ್ ಪಾಕೆಟ್ ದಾಟಿ ಮುಂದಿನ ಡೈಮಂಡಿಗೆ ಮೂರನೇ ಎರಡು ಭಾಗ ದೂರದ ಜಾಗ. ಅಭ್ಯಾಸ ಇರುವವನು 11ಕ್ಕೆ ತಾಗಿಸುತ್ತಾನೆ. ಆದರೆ ತಾಗಿಸಿ, ಪಾಕೆಟ್ ಮಾಡಿ, 8ಕ್ಕೂ ಬರುವುದು ಬೇರೆ ಮಾತು, ಅದರಲ್ಲೂ 8 ಇನ್ನೂ 7ಕ್ಕೆ ಅಂಟಿರುವಾಗ.

---

ಹಳೇಕ್ಯೂ

ನೀಲಿಚಾಕ್ ಬರೆದದ್ದಕ್ಕೆ ನಿಯಮದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಮ್ಮ ಬೆಂಗಳೂರು, ಮೈಸೂರಿನ ಹಾಲ್‌ಗಳಲ್ಲಿ ಬಹಳ ಜನ ಸ್ನೂಕರ್ ಟೇಬಲ್‌ನಿಂದ ಪೂಲ್‌ಗೆ ಬಂದವರು. ಕೈಗೆ ಅಂಟಿದ ಸ್ನೂಕರ್ ಅಭ್ಯಾಸ ಸೇಫ್ಟಿಯಲ್ಲಿ ಎರಡು ಕಡೆ ಕೈಕೊಡುತ್ತದೆ.

ಒಂದು, ಪ್ರಶ್ನೆಯಲ್ಲಿರುವ ಮೊದಲ ತಪ್ಪೇ. ಸ್ನೂಕರ್‌ನಲ್ಲಿ ಬಿಳಿಯನ್ನು ಮೆಲ್ಲಗೆ ಉರುಳಿಸಿ ಬಣ್ಣದ ಚೆಂಡಿನ ಹಿಂದೆ ಅಂಟಿಸಿ ಬಿಡಬಹುದು, ಯಾವುದೂ ರೈಲಿಗೆ ಮುಟ್ಟಬೇಕಾಗಿಲ್ಲ. ಪೂಲ್‌ನಲ್ಲಿ ಬಿಳಿ ಸರಿಯಾದ ಚೆಂಡಿಗೆ ತಾಗಿದ ಮೇಲೆ ಏನಾದರೂ ಪಾಕೆಟ್ ಆಗಬೇಕು, ಇಲ್ಲವೇ ಬಿಳಿಯೋ ಬೇರೆ ಯಾವುದೋ ಚೆಂಡು ರೈಲಿಗೆ ಮುಟ್ಟಬೇಕು. ಆದ್ದರಿಂದ ಬಗ್ಗುವ ಮೊದಲೇ ತೀರ್ಮಾನ ಮಾಡಿ: ಈ ಶಾಟ್‌ನಲ್ಲಿ ರೈಲಿಗೆ ಮುಟ್ಟುವ ಚೆಂಡು ಯಾವುದು? ಇಲ್ಲಿ ಉತ್ತರ 5. ಆ ಚೆಂಡಿಗೆ ಬೇಕಾದಷ್ಟು ಬಲ ಮೊದಲು ನಿಗದಿಯಾಗಲಿ. ಆಮೇಲೆ ಅದೇ ಬಲದಲ್ಲಿ ಬಿಳಿಯನ್ನು ಹೇಗೆ ನಿಲ್ಲಿಸುವುದು ಅನ್ನುವುದನ್ನು ಟಿಪ್ (ಕ್ಯೂ ತುದಿ) ತಾಗುವ ಎತ್ತರದಿಂದ ಸರಿಮಾಡಿ. ಬಿಳಿ ನಿಲ್ಲಲಿ ಅಂತ ಬಲವನ್ನೇ ಕಡಿಮೆ ಮಾಡಿದರೆ ಫೌಲ್ ಖಚಿತ.

ಎರಡು, ಅಂಟಿದ ಚೆಂಡು. ಸ್ನೂಕರ್‌ನಲ್ಲಿ ಬಿಳಿ ಆಡಬೇಕಾದ ಚೆಂಡಿಗೆ ಅಂಟಿಕೊಂಡಿದ್ದರೆ ಆಚೆಗೆ ಹೊಡೆದರೂ ತಾಗಿದಂತೆಯೇ ಲೆಕ್ಕ. ಪೂಲ್‌ನಲ್ಲಿ ಹಾಗಿಲ್ಲ. ಆಚೆಗೆ ಹೊಡೆದರೆ ಆ ಚೆಂಡಿಗೆ ತಾಗಿಲ್ಲ ಅಂತಲೇ ಅರ್ಥ. ಅದರ ಕಡೆಗೇ ಹೊಡೆಯಬೇಕು. ಅಂಟಿಕೊಂಡಿದ್ದರೆ ಹಾಗೆ ಹೊಡೆಯುವುದು ತಪ್ಪಲ್ಲ. ಆದರೆ ಕೂದಲೆಳೆ ಸಂದಿ ಇದ್ದು ನೇರ ತಳ್ಳಿದರೆ ಟಿಪ್ ಬಿಳಿಗೆ ಎರಡು ಸಲ ತಾಗುತ್ತದೆ, ಅದು ಫೌಲ್. ಸಂದಿ ಚಾಕ್ ಗಡ್ಡೆಯಷ್ಟೋ ಅದಕ್ಕಿಂತ ಕಡಿಮೆಯೋ ಇದ್ದರೆ ನೇರ ಹೋಗಬೇಡಿ, ಓರೆಯಾಗಿ ತೆಳುವಾಗಿ ತಾಗಿಸಿ ಅಥವಾ ಕ್ಯೂ ಹಿಂಭಾಗ ಎತ್ತಿ ಚುರುಕಾಗಿ ಕುಟ್ಟಿ.

ರೈಲಿಗೆ ಅಂಟಿದ ಗುರಿಚೆಂಡಿನ ವಿಷಯವೂ ಇದರ ಜೊತೆಗೇ ಬರುತ್ತದೆ. ಅಂಟಿದೆ ಅಂತ ಶಾಟ್‌ಗೆ ಮುಂಚೆ ಘೋಷಣೆ ಆಗಿದ್ದರೆ, ಅದೇ ರೈಲಿಗೆ ಅದನ್ನು ಒತ್ತಿದ್ದು ರೈಲು ಮುಟ್ಟಿದ ಲೆಕ್ಕಕ್ಕೆ ಬರುವುದಿಲ್ಲ. ಅದು ಬಿಟ್ಟು ಹೋಗಿ ವಾಪಸ್ ಬಂದು ತಾಗಬೇಕು, ಅಥವಾ ಬೇರೆ ರೈಲಿಗೆ ಹೋಗಬೇಕು, ಅಥವಾ ಬಿಳಿ ತಾನೇ ರೈಲಿಗೆ ಮುಟ್ಟಬೇಕು. ಘೋಷಣೆ ಶಾಟ್ ಮುಗಿದ ಮೇಲೆ ಮಾಡಿದರೆ ಜಗಳ ಮಾತ್ರ ಉಳಿಯುತ್ತದೆ.

---

ಫುಟ್‌ಸ್ಪಾಟ್

ಇಬ್ಬರಿಗೂ ತುಂಬಾ ಧನ್ಯವಾದ. ಸ್ಟಾಪ್ ಶಾಟ್ ಸರಿಯಾಗಿ ಬಿದ್ದರೂ ಅಂಚು ಯಾಕೆ ಕಾಣುತ್ತಿತ್ತು ಅಂತ ಈಗ ಅರ್ಥ ಆಯಿತು.

ಇನ್ನೆರಡು ಪ್ರಶ್ನೆ. ಎದುರಾಳಿಗೆ 11 ಒಂದೇ ಅಲ್ಲ, ನಾಲ್ಕು ಸ್ಟ್ರೈಪ್ಸ್ ಟೇಬಲ್ಲಿನ ತುಂಬ ಹರಡಿಕೊಂಡಿದ್ದರೆ ಏನು ಮಾಡುವುದು? ಎಲ್ಲದರಿಂದಲೂ ಬಚ್ಚಿಡುವುದು ಸಾಧ್ಯವಿಲ್ಲವಲ್ಲ. ಮತ್ತೆ, ತೆಳುವಾಗಿ ತಾಗಿಸಿ ಬಿಳಿಯನ್ನು ದೂರದ ರೈಲಿಗೆ ಕಳಿಸುವ ಸೇಫ್ಟಿಯಲ್ಲಿ ಗುರಿಚೆಂಡು ಯಾವಾಗಲೂ ಅಂದುಕೊಂಡದ್ದಕ್ಕಿಂತ ಜಾಸ್ತಿ ಓಡುತ್ತದೆ. ಯಾಕೆ?

---

ತೆಳುಕಟ್

ಎರಡನೇ ಪ್ರಶ್ನೆ ನನ್ನ ಇಷ್ಟದ ವಿಷಯ, ಅದಕ್ಕೆ ನಾನು ಉತ್ತರಿಸುತ್ತೇನೆ.

ಕಣ್ಣು ನಮಗೆ ಮೋಸ ಮಾಡುತ್ತದೆ. ಅರ್ಧ ಚೆಂಡು ತಾಗಿದರೆ ಶಕ್ತಿಯೂ ಅರ್ಧರ್ಧ ಹಂಚಿಕೆಯಾಗುತ್ತದೆ ಅಂತ ಅನ್ನಿಸುತ್ತದೆ. ಹಾಗಲ್ಲ. ತಾಗುವ ಕ್ಷಣದಲ್ಲಿ, ಘರ್ಷಣೆಯ ಸಣ್ಣ ನಷ್ಟ ಬಿಟ್ಟರೆ, ಮುಕ್ಕಾಲು ಚೆಂಡು ತಾಗಿದಾಗ ಗುರಿಚೆಂಡಿಗೆ ಹೋಗುವ ಶಕ್ತಿ ನೂರಕ್ಕೆ 94. ಅರ್ಧ ಚೆಂಡಿಗೆ 75. ಕಾಲು ಚೆಂಡಿಗೆ 44. ಚೆಂಡಿನ ಎಂಟನೇ ಒಂದು ಭಾಗ, ಬರೀ 7 ಮಿ.ಮೀ., ತಾಗಿದರೂ 23. ಉರುಳುವ ದೂರ ಶಕ್ತಿಯ ಪ್ರಮಾಣದಲ್ಲೇ ಇರುತ್ತದೆ. ನೀವು ಕಾಲು ಚೆಂಡು ತಾಗಿಸಿ ಅದನ್ನು 'ತೆಳು' ಅಂದುಕೊಂಡಿದ್ದೀರಿ ಅಂತ ನನ್ನ ಊಹೆ. ಅದು ಸೇಫ್ಟಿಗೆ ತೆಳುವಲ್ಲ, ಹೆಚ್ಚುಕಡಿಮೆ ಅರ್ಧ ಬಲ ಆಚೆಗೆ ಹೋಗಿಬಿಡುತ್ತದೆ.

ನಿಜವಾದ ತೆಳು ಹೊಡೆತಕ್ಕೆ ಗುರಿ ಇಡುವ ಜಾಗ ಚೆಂಡಿನ ಮೇಲೆ ಇರುವುದೇ ಇಲ್ಲ, ಹೊರಗೆ ಗಾಳಿಯಲ್ಲಿರುತ್ತದೆ. ಎಂಟನೇ ಒಂದು ಭಾಗಕ್ಕೆ ಬಿಳಿಯ ಕೇಂದ್ರ ಗುರಿಚೆಂಡಿನ ಅಂಚಿನಿಂದ ಸುಮಾರು 2 ಸೆಂ.ಮೀ. ಹೊರಗೆ ಹಾಯಬೇಕು. ಇದನ್ನು ಕಣ್ಣಿಗೆ ಕೂರಿಸಲು ಗುರಿಚೆಂಡಿನ ಪಕ್ಕದಲ್ಲಿ, ಅದೇ ನೇರದಲ್ಲಿ ಇನ್ನೊಂದು ಚೆಂಡು ಅಂಟಿಸಿ ಇಡಿ. ಆ ಚೆಂಡಿನ ನಡುಗೆರೆಯೇ ಬರೀ ಸವರುವ ಹೊಡೆತದ ದಾರಿ. ಅಲ್ಲಿಂದ 7 ಮಿ.ಮೀ. ಒಳಗೆ ಬಂದರೆ ನಿಮಗೆ ಬೇಕಾದ ದಾರಿ. ಗೆರೆ ಕಣ್ಣಿಗೆ ಕೂತ ಮೇಲೆ ಚೆಂಡು ತೆಗೆದು ಹೊಡೆಯಿರಿ.

ಸೈಡ್ (ಬಿಳಿಯ ಪಕ್ಕಕ್ಕೆ ಹೊಡೆದು ತಿರುಗಿಸುವುದು) ಹಾಕಬೇಡಿ. ಸೈಡ್ ಹಾಕಿದ ಕೂಡಲೇ ಬಿಳಿ ಕ್ಯೂ ತೋರಿಸಿದ ದಾರಿಯಿಂದ ಸ್ವಲ್ಪ ಆಚೆಗೆ ಜಾರುತ್ತದೆ. ದಪ್ಪ ಹೊಡೆತದಲ್ಲಿ ಅದು ನುಂಗಿಕೊಳ್ಳಬಹುದಾದ ತಪ್ಪು, ಇಲ್ಲಿ ಪೂರ್ತಿ ತಪ್ಪಿಹೋಗಿ ಬಾಲ್ ಇನ್ ಹ್ಯಾಂಡ್. ಅನುಮಾನ ಬಂದರೆ ದಪ್ಪ ಕಡೆಗೇ ತಪ್ಪಿ. ದಪ್ಪ ಆದರೆ ಸೇಫ್ಟಿ ಸ್ವಲ್ಪ ಸಡಿಲ ಆಗುತ್ತದೆ, ತೆಳು ಆಗಿ ತಪ್ಪಿದರೆ ಫ್ರೇಮೇ ಹೋಗಬಹುದು.

ಎರಡೂ ಚೆಂಡು ಓಡಬೇಕಾದಾಗ ಮಾತ್ರ ಅರ್ಧ ಚೆಂಡು ಆಡಿ. ಉರುಳುವ ಬಿಳಿಯಿಂದ ಅರ್ಧ ಚೆಂಡು ತಾಗಿಸಿದರೆ ಗುರಿಚೆಂಡು ಒಂದು ಬದಿಗೆ 30 ಡಿಗ್ರಿ, ಬಿಳಿ ಇನ್ನೊಂದು ಬದಿಗೆ ಸುಮಾರು 34 ಡಿಗ್ರಿ ಹೋಗುತ್ತವೆ. ದೂರವೂ ಹತ್ತಿರ ಹತ್ತಿರ, ಗುರಿಚೆಂಡು ಐದಡಿ ಹೋದರೆ ಬಿಳಿ ನಾಲ್ಕು. ಅವೆರಡರ ಮಧ್ಯೆ ಒಂದೋ ಎರಡೋ ಚೆಂಡುಗಳಿದ್ದರೆ ಸೇಫ್ಟಿ ತಾನಾಗಿಯೇ ಕೂಡಿಬರುತ್ತದೆ.

---

ಮೂರುರೈಲು

ಹರಡಿದ ನಾಲ್ಕು ಸ್ಟ್ರೈಪ್ಸ್ ಪ್ರಶ್ನೆಗೆ ನನ್ನ ಉತ್ತರ: ಬಚ್ಚಿಡುವ ಯೋಚನೆ ಬಿಡಿ. ಅವನು ಏನಾದರೂ ಹೊಡೆಯಲಿ, ಆದರೆ ಏನೂ ಪಾಕೆಟ್ ಆಗದಿರಲಿ.

ಅದಕ್ಕೆ ಮೊದಲ ಸಾಧನ ರೈಲು. ಬಿಳಿಯನ್ನು ರೈಲಿಗೆ ಅಂಟಿಸಿ ಬಿಟ್ಟುಕೊಡಿ. ಕುಷನ್ನಿನ ಮೂಗು ಬಟ್ಟೆಯಿಂದ ಸುಮಾರು 36 ಮಿ.ಮೀ. ಎತ್ತರದಲ್ಲಿರುತ್ತದೆ, ಅಂದರೆ ಚೆಂಡಿನ ಎತ್ತರದ ನೂರಕ್ಕೆ 63-64. ಅದಕ್ಕೆ ಅಂಟಿದ ಬಿಳಿಯಲ್ಲಿ ಕ್ಯೂಗೆ ಸಿಗುವುದು ಮೇಲಿನ 2 ಸೆಂ.ಮೀ. ಮಾತ್ರ. ಸ್ಕ್ರೂ (ಹಿಂದಿನ ತಿರುಗು) ಇಲ್ಲ, ಸ್ಟನ್ ಇಲ್ಲ, ಬ್ರಿಜ್ ಕೈ (ಕ್ಯೂಗೆ ಆಧಾರವಾಗುವ ಕೈ) ಮರದ ಮೇಲೆ ಇಡಬೇಕು, ಕ್ಯೂ ಸ್ವಲ್ಪ ಎತ್ತಿದರೂ ಬಿಳಿ ಬಾಗುತ್ತದೆ. ಏಳಡಿ ದೂರದ ನೇರ ಶಾಟ್ ಕೂಡ ಅಲ್ಲಿಂದ ಕಷ್ಟ. ಮರೆ ಇಲ್ಲದಿದ್ದರೂ ರೈಲು ಮತ್ತು ದೂರ ಎರಡೂ ಸೇರಿದರೆ ಅದು ಒಳ್ಳೆಯ ಸೇಫ್ಟಿ. ಅದೇ ಬಿಳಿ ರೈಲಿನಿಂದ ನಾಲ್ಕು ಬೆರಳು ಈಚೆ ನಿಂತರೆ ಅವನ ಕೈ ಆರಾಮಾಗಿಬಿಡುತ್ತದೆ. ಬಿಳಿ ರೈಲಿಗೆ ಬಂದು ಸಾಯುವ ವೇಗ ಕಲಿಯುವುದಕ್ಕೆ ಇಷ್ಟೊಂದು ಬೆಲೆ ಇರುವುದು ಅದಕ್ಕೇ.

ಎರಡನೆಯದು ಪಾಕೆಟ್ ಮುಚ್ಚುವುದು. ನಾಲ್ಕು ಸ್ಟ್ರೈಪ್ಸ್‌ನಲ್ಲಿ ಎರಡು ಒಂದೇ ಕಾರ್ನರ್‌ಗೆ ಹೋಗುವಂತಿರುತ್ತವೆ. ನಿಮ್ಮ ಒಂದು ಸಾಲಿಡ್ ಅನ್ನು ಆ ಪಾಕೆಟ್‌ನ ಬಾಯಿಗೆ ತಂದು ನಿಲ್ಲಿಸಿ. ಅವನು ಅದನ್ನು ಮುಟ್ಟದೆ ಅಲ್ಲಿ ಹಾಕುವಂತಿಲ್ಲ, ನಿಮಗೋ ಅದು ಯಾವಾಗ ಬೇಕಾದರೂ ಬೀಳುವ ಚೆಂಡು. ಬಾಯಲ್ಲಿ ನಿಲ್ಲಿಸುವಾಗ ನೆನಪಿರಲಿ, ಯಾವುದಾದರೂ ಚೆಂಡು ರೈಲಿಗೆ ಮುಟ್ಟಲೇಬೇಕು. ಪಾಕೆಟ್‌ಗೆ ಒಂದು ಡೈಮಂಡ್ ಮುಂಚೆ ರೈಲಿಗೆ ಸವರಿಕೊಂಡು ಹೋಗಿ ನಿಲ್ಲುವ ಹಾಗೆ ಆಡಿದರೆ ಎರಡೂ ಕೆಲಸ ಒಂದೇ ಏಟಿಗೆ.

ನೀಲಿಚಾಕ್ ಹೇಳಿದ್ದರ ಬಗ್ಗೆ ಒಂದು ಭಿನ್ನಾಭಿಪ್ರಾಯ ಇದೆ. ಹುಕ್ ಮಾಡಿದ (ಬಿಳಿಯನ್ನು ಮರೆಯಲ್ಲಿ ಬಚ್ಚಿಟ್ಟ) ಮೇಲೆ ಕಿಕ್‌ನ ಮಾತು ಅಲ್ಲಿಗೇ ಬಿಟ್ಟಿದ್ದಾರೆ. 11 ಹೆಡ್ ರೈಲಿಗೆ ಒಂದು ಗೇಣು ದೂರ ಇದ್ದರೆ ಕಿಕ್ ಮಾಡುವವನಿಗೆ ಅದು ದೊಡ್ಡ ಗುರಿ. ನೇರ ತಪ್ಪಿದರೂ ಹೆಡ್ ರೈಲಿಗೆ ಬಡಿದು ಹಿಂದಿನಿಂದ ತಾಗುವ ಸಾಧ್ಯತೆ ಇರುತ್ತದೆ. ಟೇಬಲ್ಲಿನ ನಡುವೆ ಒಂಟಿಯಾಗಿ ನಿಂತ ಚೆಂಡಿಗೆ ಕಿಕ್ ಮಾಡುವುದು ಇದಕ್ಕಿಂತ ಕಷ್ಟ. ಆಯ್ಕೆ ಇದ್ದಾಗ ಗುರಿಚೆಂಡನ್ನು ಕಾರ್ನರ್ ಹತ್ತಿರ, ರೈಲಿಗೆ ಒಂದು ಚೆಂಡಿನ ಸಂದಿಯಲ್ಲಿ ಬಿಡಲೇಬಾರದು. 1995ರಲ್ಲಿ ರೀನೋದ ಸ್ಯಾಂಡ್ಸ್ ರೀಜೆನ್ಸಿ ಟೂರ್ನಿಯಲ್ಲಿ ಫಿಲಿಪ್ಪೀನ್ಸ್ ಆಟಗಾರ ಎಫ್ರೆನ್ ರೇಯಸ್ ಅಮೆರಿಕದ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಎದುರು ಎರಡು ರೈಲು ಬಳಸಿ ಝಡ್ ಆಕಾರದಲ್ಲಿ ಕಿಕ್ ಮಾಡಿ ಚೆಂಡನ್ನು ಪಾಕೆಟ್ಟೇ ಮಾಡಿದ್ದನ್ನು ಎಲ್ಲರೂ ನೋಡಿರುತ್ತೀರಿ. ಅದು ಎಫ್ರೆನ್. ಆದರೆ ಒಂದು ರೈಲು ಕಿಕ್ ಈಗ ಸಾಧಾರಣ ಕ್ಲಬ್ ಆಟಗಾರನಿಗೂ ಬರುತ್ತದೆ.

---

ನೀಲಿಚಾಕ್

ಮೂರುರೈಲು ಹೇಳಿದ್ದು ಒಪ್ಪಿದೆ, ಒಂದು ತಿದ್ದುಪಡಿಯೊಂದಿಗೆ. ಈ ಸ್ಥಿತಿಯಲ್ಲಿ 11 ನಮ್ಮ ಕೈಯಲ್ಲಿಲ್ಲ, ನಾವು ಮುಟ್ಟುವುದು 5ನ್ನು. ನಮ್ಮ ಕೈಯಲ್ಲಿರುವುದು ಬಿಳಿ ಮತ್ತು ಮರೆಯ ನಡುವಿನ ಸಂದಿ. ಬಲ ರೈಲಿನ ಆ ಕಿಕ್ ಹೊರಡುವ ಕೋನ ಸುಮಾರು 37 ಡಿಗ್ರಿ. ಬಿಳಿ ಮತ್ತು 2ರ ನಡುವೆ ಸಂದಿ 3.8 ಸೆಂ.ಮೀ.ಗಿಂತ ಕಡಿಮೆ ಇದ್ದಿದ್ದರೆ 2 ಆ ದಾರಿಯನ್ನೂ ಮುಚ್ಚುತ್ತಿತ್ತು. ಈಗ ಇರುವ ಸಂದಿ 9 ಸೆಂ.ಮೀ.ಗಿಂತ ಹೆಚ್ಚು. ಆದ್ದರಿಂದ ಬೇರೆ ಸ್ಥಿತಿಗಳಲ್ಲಿ ಎರಡು ಸೇಫ್ಟಿ ಕಂಡಾಗ, ಎರಡು ಬೆರಳ ಸಂದಿ ಬಿಡುವ ಸೇಫ್ಟಿಯನ್ನೇ ಆರಿಸಿ. ಅಷ್ಟು ಹತ್ತಿರದಲ್ಲಿ ಜಂಪ್ ಕ್ಯೂ ಕೂಡ ಒದ್ದಾಡುತ್ತದೆ, ಚಾಕ್ ಗಡ್ಡೆಯಷ್ಟೇ ಸಂದಿ ಇದ್ದರೆ ತುಂಬು ಚೆಂಡನ್ನು ಹಾರಿಸುವುದು ಬಹಳ ಕಷ್ಟ.

ಇನ್ನೊಂದು ಮಾತು ಬಿಟ್ಟಿದ್ದೆ. ಅವನು ಫೌಲ್ ಮಾಡಿ ನಿಮಗೆ ಬಾಲ್ ಇನ್ ಹ್ಯಾಂಡ್ ಸಿಕ್ಕಿತು ಅನ್ನಿ. ಆಗ ಖುಷಿಗೆ 5, 2 ಹಾಕಲು ಹೊರಡಬೇಡಿ. ಮೊದಲ ಶಾಟ್‌ನಲ್ಲೇ 7-8 ಬಿಡಿಸಬೇಕು. 5ನ್ನು ಹಾಕುತ್ತಾ ಬಿಳಿ ಆ ಜೋಡಿಗೆ ಬಡಿಯುವ ಕೋನ ಹುಡುಕಿ ಬಿಳಿ ಇಡಿ. 2ನ್ನು ಆಸರೆಯಾಗಿ ಉಳಿಸಿಕೊಳ್ಳಿ, ಬಿಡಿಸಿದ ಮೇಲೆ 7 ಕೆಟ್ಟ ಜಾಗಕ್ಕೆ ಹೋದರೂ ಆಡಲು ಒಂದು ಚೆಂಡು ಇರುತ್ತದೆ.

---

ಫುಟ್‌ಸ್ಪಾಟ್

ಕೊನೆಯದಾಗಿ ಅಭ್ಯಾಸದ ಬಗ್ಗೆ. ದಿನಕ್ಕೆ ಅರ್ಧ ಗಂಟೆ ಟೇಬಲ್ ಸಿಗುತ್ತದೆ. ಮತ್ತೆ, ಸೇಫ್ಟಿ ಆಡುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಬೇಕಾ?

---

ಹಳೇಕ್ಯೂ

ಹೇಳುವುದರಿಂದ ಉಪಯೋಗ ಇರುವುದು ಒಂದೇ ಸಂದರ್ಭದಲ್ಲಿ. 8-ಬಾಲ್‌ನಲ್ಲಿ ಸುಮ್ಮನೆ ಏನೂ ಬೀಳಿಸದೆ ಆಡಿದರೆ ಸರದಿ ಹೇಗೂ ಅವನಿಗೆ ಹೋಗುತ್ತದೆ. ಆದರೆ ನಿಮ್ಮ ಚೆಂಡು ಪಾಕೆಟ್ ಬಾಯಲ್ಲಿದೆ, ಅದನ್ನು ಹಾಕಿದರೆ ಬಿಳಿ ಚೆನ್ನಾಗಿ ಮರೆಯಾಗುತ್ತದೆ, ನಿಮಗೆ ಮಾತ್ರ ಮುಂದಿನ ಶಾಟ್ ಇಲ್ಲ ಅನ್ನುವಾಗ 'ಸೇಫ್ಟಿ' ಅಂತ ಮೊದಲೇ ಹೇಳಿ ಹಾಕಿ. ಚೆಂಡು ಒಳಗೇ ಉಳಿಯುತ್ತದೆ, ಸರದಿ ಅವನಿಗೆ ಹೋಗುತ್ತದೆ. ಹೇಳದೆ ಹಾಕಿದರೆ, ಆ ಮರೆಯಿಂದ ಆಡಬೇಕಾದವರು ನೀವೇ. ಹಾಲ್‌ನ ಸ್ವಂತ ನಿಯಮ ಬೇರೆ ಇರಬಹುದು, ಕೆಲವೆಡೆ ಬಾಲ್ ಇನ್ ಹ್ಯಾಂಡ್ ಹೆಡ್ ಗೆರೆಯ ಹಿಂದೆ ಮಾತ್ರ ಕೊಡುತ್ತಾರೆ. ಹಾಗಿದ್ದರೆ ಹುಕ್‌ನ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಬ್ರೇಕ್‌ಗೆ (ಆಟದ ಮೊದಲ ಹೊಡೆತಕ್ಕೆ) ಮುಂಚೆ ಕೇಳಿಕೊಳ್ಳಿ.

9-ಬಾಲ್ ಆಡುವುದಾದರೆ ಸೇಫ್ಟಿಯ ತೂಕ ಇನ್ನೂ ಹೆಚ್ಚು. ಅಲ್ಲಿ ಅತಿ ಸಣ್ಣ ಸಂಖ್ಯೆಯ ಚೆಂಡಿಗೇ ಮೊದಲು ತಾಗಬೇಕು, ಉಳಿದೆಲ್ಲ ಚೆಂಡುಗಳೂ ನಿಮಗೆ ಮರೆಯೇ. ಸತತ ಮೂರು ಫೌಲ್ ಆದರೆ ರ‍್ಯಾಕ್ ಸೋತಂತೆ, ಆದರೆ ಎರಡನೇ ಫೌಲ್ ಆದ ಮೇಲೆ ಎದುರಾಳಿಗೆ ನೀವು ಎಚ್ಚರಿಕೆ ಹೇಳಿರಬೇಕು.

---

ತೆಳುಕಟ್

ಅರ್ಧ ಗಂಟೆಯನ್ನು ಹೀಗೆ ಕಳೆಯಿರಿ. ಸ್ಟೇಷನರಿ ಅಂಗಡಿಯಲ್ಲಿ ಪಂಚ್ ತೂತಿಗೆ ಅಂಟಿಸುವ ಬಿಳಿ ಉಂಗುರದ ಸ್ಟಿಕ್ಕರ್ ಸಿಗುತ್ತದೆ. ಬಿಳಿ, 5, 2 ಮೂರೂ ಚೆಂಡು ನಿಲ್ಲುವ ಜಾಗಕ್ಕೆ ಒಂದೊಂದು ಅಂಟಿಸಿ, ಹಾಲ್‌ನವರನ್ನು ಕೇಳಿಯೇ ಅಂಟಿಸಿ, ಹೋಗುವಾಗ ಕಿತ್ತುಬಿಡಿ. ಪ್ರತಿ ಸಲ ಅದೇ ಸ್ಥಿತಿ ಬರದಿದ್ದರೆ ನೀವು ಕಲಿಯುತ್ತಿರುವುದು ಏನು ಅಂತಲೇ ಗೊತ್ತಾಗುವುದಿಲ್ಲ.

ಮೊದಲ ಐದು ನಿಮಿಷ ಬರೀ ಬಿಳಿ. ಹೆಡ್ ಗೆರೆಯಿಂದ ಫುಟ್ ರೈಲಿಗೆ ಹೊಡೆದು ಹೆಡ್ ರೈಲಿಗೆ ವಾಪಸ್ ತನ್ನಿ, ರೈಲಿನಿಂದ ಒಂದು ಚೆಂಡಿನಗಲದೊಳಗೆ ನಿಲ್ಲಬೇಕು. ಆ ದಿನದ ಬಟ್ಟೆಯ ವೇಗ ಕೈಗೆ ಬರುವುದು ಹೀಗೇ.

ಮುಂದಿನ ಹದಿನೈದು ನಿಮಿಷ ಮೇಲಿನ ಶಾಟ್. ಮೊದಲು 2 ಇಡಬೇಡಿ, 11ನ್ನೂ ಇಡಬೇಡಿ. 5 ರೈಲಿಗೆ ಮುಟ್ಟಿತೇ, ಗೇಣಿನೊಳಗೆ ನಿಂತಿತೇ, ಅಷ್ಟೇ ನೋಡಿ. ಹತ್ತರಲ್ಲಿ ಎಂಟು ಸಲ ಆದ ಮೇಲೆ ಬಿಳಿಯ ಕಡೆ ಗಮನ ಕೊಡಿ. ಬಿಳಿ ಫುಟ್ ಸ್ಪಾಟ್‌ನ ಉಂಗುರವನ್ನು ಮುಚ್ಚಿ ನಿಂತರೆ ಪೂರ್ತಿ ಅಂಕ, ಅರ್ಧ ಚೆಂಡು ಆಚೀಚೆ ಆದರೆ ಅರ್ಧ. ಹಿಂದಕ್ಕೆ ಬಂದರೆ ಟಿಪ್ ಜಾಸ್ತಿ ಕೆಳಗಿಳಿದಿದೆ. ಉಂಗುರ ದಾಟಿ ಹೋದರೆ ಕಡಿಮೆ ಇಳಿದಿದೆ. ಬಿಳಿ ಹೆಡ್ ಅಥವಾ ಫುಟ್ ಕಡೆಗೆ ಓರೆಯಾಗಿ ಸರಿದರೆ 5ಕ್ಕೆ ತುಂಬು ತಾಗಿಲ್ಲ, ಆಗ ಟಿಪ್ಪಿನ ಎತ್ತರ ಬದಲಾಯಿಸಬೇಡಿ, ಗುರಿ ಸರಿಮಾಡಿ. ಈ ಎರಡು ತಪ್ಪುಗಳನ್ನು ಬೆರೆಸಿಕೊಂಡವರು ತಿಂಗಳುಗಟ್ಟಲೆ ತಪ್ಪು ಜಾಗದಲ್ಲಿ ರಿಪೇರಿ ಮಾಡುತ್ತಿರುತ್ತಾರೆ.

ಉಳಿದ ಹತ್ತು ನಿಮಿಷ 2 ಮತ್ತು 11 ಇಟ್ಟು ಆಡಿ. ಶಾಟ್ ಮುಗಿದ ಮೇಲೆ ಬಿಳಿಯ ಹಿಂದೆ ಬಗ್ಗಿ, ಬಿಳಿಯ ಎರಡೂ ಅಂಚಿನಿಂದ 11ರ ಎರಡೂ ಅಂಚಿಗೆ ಗೆರೆ ಹಾಕಿ ನೋಡಿ. ನಿಂತುಕೊಂಡು ನೋಡಿದರೆ ಮುಚ್ಚಿದ ಹಾಗೆ ಕಾಣುವ ಎಷ್ಟೋ ಸೇಫ್ಟಿಗಳು ಬಗ್ಗಿ ನೋಡಿದಾಗ ಅಂಚು ಬಿಟ್ಟಿರುತ್ತವೆ.